ಚಿಪ್ಸ್ ಬೀಳದ ಲೇಥು

ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಸಂಸ್ಥೆಯ ಚೇರ್ಮನ್ನರು ಮೈಕು ಹಿಡಿದು ಹೇಳಿದ ಮಾತು ಇದು: “ಸರ್ ಜೋಪಾನ ಮಾಡಿದ ಮಶಿನ್‌ಗಳು ನಿನ್ನೆ ಪೆಟ್ಟಿಗಿ ಒಡದು ತಗದಂಗ ಇವತ್ತಿಗೂ ಹೊಳಿಯಾಕತ್ತಾವ. ಇದಕಿಂತ ದೊಡ್ಡ ಸ್ಮಾರಕ ಅವರಿಗೆ ಇನ್ಯಾವುದು ಬೇಕ್ರಿ?”

ಜನ ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಅನ್ನುವ ಖಬರೂ ಇಲ್ಲದೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕುಳಿತಿದ್ದೆ.

ಹೊಳೆಯುತ್ತಿದ್ದವು, ನಿಜ. ಯಾಕೆ ಹೊಳೆಯಬಾರದು? ಅವುಗಳಿದ್ದ ಕೋಣೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ಆ ಲೇಥುಗಳ ಮೇಲೆ ಒಂದು ಕಬ್ಬಿಣದ ಚೂರು ಬಿದ್ದಿರಲಿಲ್ಲ, ಒಬ್ಬ ಹುಡುಗನ ಬೆವರು ಬಿದ್ದಿರಲಿಲ್ಲ. ಒಲೆ ಹೊತ್ತಿಸದ ಮನೆಯ ಗೋಡೆಗೆ ಮಸಿ ಹತ್ತುವುದಿಲ್ಲ. ಹಾಗಂತ ಆ ಮನೆಯಲ್ಲಿ ಯಾರಾದರೂ ಉಂಡಿದ್ದಾರೆಯೇ?

ಯಾರ ಹೆಸರು ಹಿಡಿದು ಈ ಮಾತು ಆಡಿದರೋ ಅವರು ಎಂಥವರು ಎಂದು ನಾನು ಬರೆಯಬೇಕು. ಹೆಸರು ಬರೆಯುವುದಿಲ್ಲ. ಅದನ್ನು ಫ್ಲೆಕ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೇಟಿಗೆ ಕಟ್ಟಿದ್ದಾರೆ, ಅಷ್ಟು ಸಾಕು. ನಮಗೆ ಅವರು ಸರ್. ಕುಡಚಿಯವರು. ಹಳೆಯ ಸ್ಕೂಟರಿನ ಮೇಲೆ ಕೃಷ್ಣೆಯ ಸೇತುವೆ ದಾಟಿ ನಮ್ಮ ಐಟಿಐಗೆ ಬರುತ್ತಿದ್ದ ಟರ್ನರ್ ಮಾಸ್ತರು.

ಬೇರೆ ಮಾಸ್ತರರ ಕಿಸೆಯಲ್ಲಿ ಪೆನ್ನು ಇರುತ್ತಿತ್ತು. ಇವರ ಕಿಸೆಯಲ್ಲಿ ಗೋಡೆಗೆ ಬಣ್ಣ ಹಚ್ಚುವ ಬ್ರಷ್ಷು, ಕೂದಲು ಮೇಲೆ ಮಾಡಿ. ಕುರ್ಚಿಯನ್ನು ಅದರಿಂದ ಝಾಡಿಸಿಯೇ ಕೂರುತ್ತಿದ್ದರು. ಸ್ಕೂಟರ್ ಕೆಟ್ಟು ಬಸ್ಸಿಗೆ ಬಂದ ದಿನ ಬಸ್ಸಿನ ಸೀಟಿಗೂ ಅದೇ ಮರ್ಯಾದೆ. ಒಮ್ಮೆ ಕಂಡಕ್ಟರ್ ಚೇಷ್ಟೆ ಮಾಡಿದ: “ಏನ್ ಚಾಚಾ, ಬಸ್ಸಿಗೆ ಬಣ್ಣಾ ಹಚ್ಚತೀರೇನು?”

“ನೀ ಕಸಾ ಹೊಡದಿದ್ರ ನಾ ಯಾಕ ಈ ಕೆಲಸಾ ಮಾಡ್ತಿದ್ನೋ? ಟಿಕೀಟ ಕೊಡು, ಮಾತ ಕೊಡಬ್ಯಾಡ.”

ಇಡೀ ಬಸ್ಸು ನಕ್ಕಿತು. ಅವರು ನಗಲಿಲ್ಲ. ಅವರು ನಗುವುದು ಅಪರೂಪ, ಬೈಯುವುದು ದಿನಾಲೂ. ಸಾಧು ಸ್ವಭಾವ, ಮೃದು ಮಾತು ಎಂದೆಲ್ಲ ಸಭೆಯಲ್ಲಿ ಹೇಳಿದರಲ್ಲ, ಅದೂ ಸುಳ್ಳೇ. ಅವರ ಬಾಯಿ ಎಂದರೆ ಕಾದ ಕಬ್ಬಿಣ.

ಲೇಥು ನೋಡದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಲೋಹದ ತುಂಡನ್ನು ಗಿರಗಿರ ತಿರುಗಿಸಿ, ಅದಕ್ಕೆ ಉಳಿ ತಾಗಿಸಿ, ಬೇಕಾದ ಆಕಾರಕ್ಕೆ ಕೊರೆಯುವ ಯಂತ್ರ ಅದು. ಕೊರೆದಾಗ ಲೋಹವು ಸುರುಳಿಯಾಗಿ, ಚೂರಾಗಿ, ಪುಡಿಯಾಗಿ ಸಿಡಿಯುತ್ತದೆ. ಅದಕ್ಕೆ ನಾವು ಚಿಪ್ಸ್ ಅನ್ನುತ್ತೇವೆ. ಉಳಿ ಹಿಡಿದ ಗಾಡಿಯು ಎರಡು ನುಣುಪಾದ ಕಬ್ಬಿಣದ ಪಟ್ಟಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಅದರ ಕೆಳಗೆ ಚಿಪ್ಸ್ ನುಗ್ಗಿದರೆ ಪಟ್ಟಿ ಗೀರುತ್ತದೆ, ಗೀರಿದ ಪಟ್ಟಿಯ ಮೇಲೆ ಕೆಲಸ ನೆಟ್ಟಗೆ ಬರುವುದಿಲ್ಲ. ದೊಡ್ಡ ಲೇಥು ಒಂದಿಷ್ಟು ತಡೆದುಕೊಳ್ಳುತ್ತದೆ. ನಮ್ಮವು ಟೇಬಲ್ಲಿನ ಮೇಲೆ ಕೂರುವ ಸಣ್ಣ ಲೇಥುಗಳು, ಸರಕಾರದ ಯೋಜನೆಯಲ್ಲಿ ಬಂದವು. ಎಲ್ಲವೂ ಒತ್ತೊತ್ತಾಗಿ. ಚಿಪ್ಸ್ ಬಿದ್ದರೆ ಪಟ್ಟಿಯ ಮೇಲೆ, ಸ್ಕ್ರೂವಿನ ಮೇಲೆ, ಇಲ್ಲವೇ ಹಿಂದಿರುವ ಮೋಟರಿನ ಹೊಟ್ಟೆಯೊಳಗೆ.

ಸರ್ ರೈಲ್ವೆ ಸ್ಟೇಶನ್ನಿನ ಊರಿನವರು. ಆ ಪಟ್ಟಿಗಳಿಗೆ ಹಳಿ ಅನ್ನುತ್ತಿದ್ದರು. ನಾನು ಸೇರಿದ ಮೊದಲ ದಿನವೇ ಕೇಳಿದರು: “ಹಳಿ ಮ್ಯಾಲೆ ಖಡಿಕಲ್ಲ ಇಟ್ರ ರೈಲಿಗೆ ಏನಾಗತೈತಿ?”

ಹಿಂದಿನ ಸಾಲಿನ ಹುಡುಗ ಎದ್ದು, “ನಿಂದರತೈತ್ರಿ ಸರ್” ಅಂದ.

“ನಿಂತ್ರ ಚೊಲೊ ಇತ್ತಲೇ ಮಗನ! ನಿಂದರೂದಿಲ್ಲ, ಪಲ್ಟಿ ಹೊಡಿತೈತಿ. ಒಳಗ ಕುಂತಾಂವ ನೀನ ಇರ್ತಿ.”

ಅವರಿಗೆ ಅತ್ಯಂತ ಸಿಟ್ಟು ತರಿಸುತ್ತಿದ್ದ ವಸ್ತು ಕಂಪ್ರೆಸರಿನ ಪೈಪು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕೆಲಸ ಮುಗಿದ ಮೇಲೆ ಎಲ್ಲದಕ್ಕೂ ಹವಾ ಹೊಡೆಯುವುದು ರೂಢಿ. ಟ್ರ್ಯಾಕ್ಟರಿಗೂ ಹವಾ, ಕಬ್ಬಿನ ಗಾಣಕ್ಕೂ ಹವಾ, ತಮ್ಮ ತಲೆಗೂ ಹವಾ. ರಜೆಯಲ್ಲಿ ಅಲ್ಲಿ ಕೆಲಸ ಮಾಡಿ ಬಂದ ಹುಡುಗರು ಇಲ್ಲಿಯೂ ಪೈಪು ಎತ್ತಿದರೆ ಸರ್ ದೂರದಿಂದಲೇ ಕೂಗುತ್ತಿದ್ದರು: “ಊದಬ್ಯಾಡ! ಊದಿದ್ರ ಕಚರಾ ಹೊರಗ ಹೋಗೂದಿಲ್ಲ ಬೇ, ಒಳಗ ಹೋಗಿ ಮನಿ ಕಟ್ಟತೈತಿ. ಬ್ರಷ್ ತಗೊ.” ಆ ಮಾತನ್ನು ಅವರು ಯಂತ್ರಕ್ಕೆ ಮಾತ್ರ ಹೇಳುತ್ತಿರಲಿಲ್ಲ. ಹುಡುಗರಿಬ್ಬರು ಜಗಳವಾಡಿ ಮೂರನೆಯವನು ಬಂದು ಚಾಡಿ ಹೇಳಿದರೆ ಅವನಿಗೂ ಅದೇ ಉತ್ತರ: “ಊದಬ್ಯಾಡ.”

ನನ್ನನ್ನು ಐಟಿಐಗೆ ಸೇರಿಸಲು ಬಂದದ್ದು ನಮ್ಮಪ್ಪ. ನಾವು ಕುರುಬರು. ಶಿರಗುಪ್ಪಿ, ಉಗಾರ ಬುದ್ರುಕದ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಕೊಂಡು ತಿರುಗಿದವರು. ನಮ್ಮ ಮನೆತನದಲ್ಲಿ ಶಾಲೆ ಮುಗಿಸಿದವಳು ನಾನೇ ಮೊದಲು, ಮುಂದೆ ಡಿಗ್ರಿ ಪಡೆದವಳೂ ನಾನೇ. ಇದನ್ನು ಸಂಕೋಚದಿಂದ ಹೇಳುವ ಅಭ್ಯಾಸ ನನಗಿಲ್ಲ. ಅಂದು ಅಪ್ಪನ ಹೆಗಲ ಮೇಲೆ ಕಂಬಳಿ ಇತ್ತು. ಸರ್ ಮಾತಿಗೆ ಮೊದಲು ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಮೂಸಿದರು. ಅಪ್ಪನಿಗೆ ಹಿಗ್ಗು.

“ಪಕ್ಕಾ ಉಣ್ಣಿ. ಯಾರ ನೇಯ್ದದ್ದು?”

“ನಮ್ಮ ಅಣ್ಣಾನ್ರಿ. ಮಗ್ಗ ಮನ್ಯಾಗ ಐತ್ರಿ.”

“ಇದರಾಗ ಒಂದು ತುಂಡ ಕೊಡ್ತೀರೇನು?”

ಅಪ್ಪನ ಮುಖ ಕಪ್ಪಾಯಿತು. ಕಂಬಳಿ ಅಂದರೆ ನಮ್ಮಲ್ಲಿ ಬರೀ ಹೊದೆಯುವ ಬಟ್ಟೆಯಲ್ಲ. ನಮ್ಮ ದೇವರು ಬೀರಪ್ಪನನ್ನು ಕೂಡಿಸುವುದು ಅದರ ಮೇಲೆ, ಮದುಮಕ್ಕಳನ್ನು ಕೂಡಿಸುವುದು ಅದರ ಮೇಲೆ. “ಕಂಬಳಿಗೆ ಕತ್ತರಿ ಹಚ್ಚೂದು ನಮ್ಮಲ್ಲಿ ಇಲ್ರಿ,” ಅಂದ.

“ಮಶಿನ್ನಿಗೆ ಬೇಕಾಗೈತಿ. ಹತ್ತಿ ಬಟ್ಟಿ ಎಣ್ಣಿ ಕುಡದು ಉಗುಳತೈತಿ. ಉಣ್ಣಿ ಹಿಡಕೋತೈತಿ.”

“ಮಶಿನ್ನಿಗೆ ನಿಮ್ಮ ಅಂಗಿ ಹರದ ಕೊಡ್ರಿ.”

“ನನ್ನ ಅಂಗಿ ಉಣ್ಣಿದ ಇದ್ದಿದ್ರ ನಿಮ್ಮನ್ನ ಯಾಕ ಕೇಳ್ತಿದ್ನಿ?”

ಇಬ್ಬರೂ ಸೋಲುವ ಜಾತಿಯಲ್ಲ. ನನ್ನ ಪ್ರವೇಶವೇ ನಿಂತುಹೋಯಿತು ಅಂದುಕೊಂಡೆ. ಆದರೆ ಸರ್ ನನ್ನ ಕಡೆ ತಿರುಗಿ, “ನಾಳಿಗೆ ಬಾ ತಂಗಿ. ಓಢಣಿ ಬಿಗಿ ಕಟಗೊಂಡ ಬಾ. ಮಶಿನ್ ಹೆಣ್ಣ ಗಂಡ ನೋಡೂದಿಲ್ಲ, ಸಿಕ್ಕದ್ದ ಎಳಕೋತೈತಿ,” ಎಂದು ಒಳಗೆ ಹೋದರು. ದಾರಿಯುದ್ದಕ್ಕೂ ಅಪ್ಪ ಅವರನ್ನು ಬೈದ.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಅಪ್ಪನ ಬಡಿಗೆಯ ತುದಿಗೆ ಹಾಕುವ ಕಬ್ಬಿಣದ ಬಳೆ ಕೊರೆದು ತಂದಿದ್ದೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ನೆಲಕ್ಕೆ ಕುಟ್ಟಿ ನೋಡಿದ. ಸೋಮವಾರ ಐಟಿಐ ಗೇಟಿಗೆ ಬಂದ. ಕೈಯಲ್ಲಿ ಕಂಬಳಿಯ ಉದ್ದನೆಯ ತುಂಡು.

“ನಾವ್ ಕತ್ತರಿ ಹಚ್ಚಿಲ್ರಿ ಮತ್ತ. ನಾಯಿ ಹರದೈತಿ.”

ಸರ್ ತುಂಡಿನ ಅಂಚು ನೋಡಿದರು. ದಾರ ಕಟ್ಟಿ ಗೆರೆ ಎಳೆದ ಹಾಗಿತ್ತು. “ನಿಮ್ಮ ನಾಯಿ ಭಾಳ ಶ್ಯಾಣ್ಯಾ ಐತ್ರಿ. ಬರೋಬ್ಬರಿ ಸಾಲ ಹಿಡದು ಹರದೈತಿ. ನಮ್ಮ ಹುಡುಗೂರಿಗೂ ಹಿಂಗ ಕತ್ತರಸಾಕ ಬರೂದಿಲ್ಲ.”

ಅವತ್ತು ಇಬ್ಬರೂ ಕೂಡಿ ನಕ್ಕದ್ದನ್ನು ನಾನು ನೋಡಿದ್ದೇನೆ.

ಆ ಕಂಬಳಿಯನ್ನು ಸರ್ ಸಣ್ಣ ಸಣ್ಣ ಪಟ್ಟಿಗಳಾಗಿ ಕೊಯ್ದು, ಎಣ್ಣೆಯಲ್ಲಿ ನೆನೆಸಿ, ತಗಡಿನ ಚೂರು ಒತ್ತುಕೊಟ್ಟು, ಪ್ರತಿ ಲೇಥಿನ ಗಾಡಿಯ ಮೂಲೆಗಳಿಗೆ ತಿರುಪು ಹಾಕಿ ಕೂರಿಸಿದರು. ಗಾಡಿ ಸರಿದಂತೆಲ್ಲ ಕಂಬಳಿಯು ಹಳಿಯನ್ನು ಒರೆಸುತ್ತಿತ್ತು, ಚಿಪ್ಸನ್ನು ಮುಂದಕ್ಕೆ ದಬ್ಬುತ್ತಿತ್ತು, ಹಿಂದೆ ತೆಳ್ಳಗೆ ಎಣ್ಣೆ ಬಿಡುತ್ತಿತ್ತು. ಸ್ಕ್ರೂವಿಗೆ ಭಜನೆಯ ಹಾರ್ಮೋನಿಯಂ ಪೇಟಿಯ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ರೆಕ್ಸಿನ್ ಹೊದಿಸಿದ್ದರು. ಗಾಡಿ ಹತ್ತಿರ ಬಂದರೆ ಮುದುಡುತ್ತಿತ್ತು, ದೂರ ಹೋದರೆ ಬಿಚ್ಚಿಕೊಳ್ಳುತ್ತಿತ್ತು. ಪೇಟಿ ರಿಪೇರಿ ಮಾಡುವವನ ಹತ್ತಿರ ಕೂತು ಕಲಿತದ್ದಂತೆ. ಮೋಟರಿನ ಮುಂದೆ ಎಣ್ಣೆ ಡಬ್ಬಿ ಬಿಚ್ಚಿ ಬಡಿದ ತಗಡು. ಮೂಲೆಯ ಪುಡಿ ತೆಗೆಯಲು ಹಾಳಾದ ಸ್ಪೀಕರಿನ ಅಯಸ್ಕಾಂತ, ಅದರ ಮೇಲೆ ಖಾಲಿ ಹಾಲಿನ ಪಾಕೀಟು. ಪುಡಿ ಪಾಕೀಟಿಗೆ ಅಂಟಿದ ಮೇಲೆ ಅಯಸ್ಕಾಂತ ಎಳೆದುಬಿಟ್ಟರೆ ಎಲ್ಲ ತೊಟ್ಟಿಗೆ ಉದುರುತ್ತಿತ್ತು. ಕೊಂಡು ತಂದದ್ದು ಒಂದೂ ಇಲ್ಲ.

ರಾತ್ರಿ ಹೊದಿಸಲು ಫ್ಲೆಕ್ಸು. ನಮ್ಮ ಕಡೆ ಫ್ಲೆಕ್ಸಿಗೆ ಬರವೇ? ಹುಟ್ಟುಹಬ್ಬ, ಚುನಾವಣೆ, ಸೊಸಾಯಿಟಿಯ ಗೆಲುವು, ಎಲ್ಲದಕ್ಕೂ ಊರ ತುಂಬ ಮುಖಗಳು. ಮುಗಿದ ಮೇಲೆ ಸರ್ ಕೇಳಿ ತಂದು ಅಳತೆಗೆ ಕೊಯ್ದು ಹೊಲಿಸುತ್ತಿದ್ದರು. ಸಂಜೆ ನಮ್ಮ ಲೇಥುಗಳ ಮೇಲೆ ಎಲ್ಲ ಪಕ್ಷದವರೂ ಕೈ ಮುಗಿದುಕೊಂಡು ಮಲಗಿರುತ್ತಿದ್ದರು. ಒಬ್ಬ ಹುಡುಗ, “ಸರ್, ಮಾರಿ ಒಳಗ ಮಾಡಿ ಹೊಚ್ಚೂಣೇನ್ರಿ? ಎಣ್ಣಿ ಹತ್ತತೈತಿ,” ಅಂದ. ಸರ್, “ಮ್ಯಾಲೇ ಇರ್ಲಿ. ಮಂದಿ ಸೇವಾ ಮಾಡ್ತೀನಿ ಅಂದಾರಲ್ಲ, ಮಾಡ್ಲಿ,” ಅಂದರು.

ಅವರನ್ನು ದೇವರು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಹಳಿಯ ಮೇಲೆ ಚಿಪ್ಸ್ ಬಿಟ್ಟು ಹೋದ ಹುಡುಗನೊಬ್ಬನ ಕೈಗೆ ಅವೇ ಚಿಪ್ಸ್ ಕೊಟ್ಟು, ಮುಷ್ಟಿ ಮುಚ್ಚಿಸಿ, ವರ್ಕ್‌ಶಾಪಿನ ಸುತ್ತ ನಡೆಸಿದ್ದರು. ಕೈ ತೆರೆದಾಗ ರಕ್ತ. “ಈಗ ತಿಳೀತಲ್ಲ, ಅದಕ್ಕ ಹೆಂಗ ಆಗತೈತಿ ಅಂತ.” ಇವತ್ತು ಯಾರಾದರೂ ಹಾಗೆ ಮಾಡಿದರೆ ಕೇಸು ಆಗುತ್ತದೆ, ಆಗಲೇಬೇಕು. ಆ ಹುಡುಗ ಮರುದಿನದಿಂದ ಬರಲಿಲ್ಲ. ಹಳಿಯ ಗೀರಿಗೆ ಅಷ್ಟು ಮರುಗಿದವರು ಅವನ ಮನೆಗೆ ಒಮ್ಮೆಯೂ ಹೋಗಲಿಲ್ಲ. ಅದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಅಮಾವಾಸ್ಯೆಗೆ ನಮ್ಮ ಭಾಗದಲ್ಲಿ ಗ್ಯಾರೇಜು, ಲೇಥು ಬಂದ್ ಇರುತ್ತವೆ. ಯಂತ್ರಕ್ಕೆ ವಿಶ್ರಾಂತಿಯ ದಿನ. ನಮ್ಮ ಐಟಿಐಯಲ್ಲೂ ಅದನ್ನು ಪಾಲಿಸುತ್ತಿದ್ದರು. ಸರ್ ಅಂದು ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಎಲ್ಲ ಹೊದಿಕೆ ಬಿಚ್ಚಿಸಿ, ಕಂಬಳಿ ಹಿಂಡಿಸಿ, ಮತ್ತೆ ಎಣ್ಣೆ ಕುಡಿಸಿ ಕೂರಿಸಬೇಕು. ಒಳಗೆ ಸಿಕ್ಕ ಒಂದು ಚೂರನ್ನು ಅಂಗೈಯಲ್ಲಿಟ್ಟು, “ಇದು ಹಿತ್ತಾಳಿ. ಈ ವಾರ ಹಿತ್ತಾಳಿ ಕೊರದಾಂವ ಯಾರಲೇ?” ಎಂದು ಕಳ್ಳನನ್ನು ಹಿಡಿಯುತ್ತಿದ್ದರು. ನನಗೆ ಯಂತ್ರ ಅರ್ಥವಾದದ್ದು ಆ ಅಮಾವಾಸ್ಯೆಗಳಲ್ಲಿ. ಐಟಿಐ ಮುಗಿಸಿ ಡಿಪ್ಲೊಮಾ, ಅದು ಮುಗಿಸಿ ಬಿ.ಇ. ಓದಿದೆ. ಇಂಗ್ಲಿಷಿಗೆ ಹೆದರಿ ಅತ್ತ ರಾತ್ರಿಗಳಿವೆ. ವರ್ಕ್‌ಶಾಪಿನಲ್ಲಿ ಮಾತ್ರ ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಡಿಗ್ರಿ ಹಿಡಿದು ಬಂದು ಅದೇ ಐಟಿಐಯಲ್ಲಿ ಅವರ ಪಕ್ಕದಲ್ಲೇ ಪಾಠ ಹೇಳಲು ನಿಂತಾಗ ಸರ್ ಅಂದದ್ದು ಇಷ್ಟೇ: “ಮೇಡಂ ಆದಿ. ಬ್ರಷ್ ತಂದಿಯಿಲ್ಲೋ?”

ಆ ವರ್ಷದ ಖಂಡೆ ಪೂಜೆಯಲ್ಲಿ, ಅಂದರೆ ದಸರೆಯ ಆಯುಧ ಪೂಜೆಯಲ್ಲಿ, ಎಲ್ಲವೂ ಕೆಟ್ಟಿತು.

ಶುಕ್ರವಾರದ ನಮಾಜು ತಪ್ಪಿಸದವರಾದರೂ ಖಂಡೆ ಪೂಜೆಯ ತಯಾರಿ ಪ್ರತಿ ವರ್ಷ ಸರ್ ಅವರದೇ. ಕುಡಚಿ ಸಂತೆಯಿಂದ ಶಾವಂತಿಗೆ ಹೂ ತರುವವರು ಅವರು, ತೋರಣ ಕಟ್ಟಿಸುವವರು ಅವರು. ಒಂದೇ ಕಟ್ಟಳೆ: ಭಂಡಾರದ ಅರಿಸಿನ, ಕುಂಕುಮ ಎಲ್ಲ ಯಂತ್ರದ ತಲೆಗೆ ಹಚ್ಚಬೇಕು, ಹಳಿಗಲ್ಲ. ಅಕ್ಷತೆಯ ಒಂದು ಕಾಳೂ ಹಳಿಯ ಮೇಲೆ ಬೀಳಬಾರದು. ನಾವು ಹಾಗೆಯೇ ಮಾಡುತ್ತಿದ್ದೆವು, ದೇವರು ಸಿಟ್ಟಾಗಿರಲಿಲ್ಲ.

ಆ ವರ್ಷ ಚೇರ್ಮನ್ನರು ನಾಲ್ಕು ಜನರನ್ನು ಕರೆದುಕೊಂಡು, ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಳ್ಳುತ್ತ ಬಂದರು. ಆರತಿ ಆಯಿತು. ತೆಂಗಿನಕಾಯಿ ಎತ್ತಿ ಲೇಥಿನ ಹಳಿಯ ಮೇಲೆ ಒಡೆಯಲು ಕೈ ಬೀಸಿದರು. ಸರ್ ಅಂಗೈ ಚಾಚಿ ಹಳಿಯ ಮೇಲೆ ಇಟ್ಟರು. ಕಾಯಿ ಅವರ ಬೆರಳಿಗೆ ಬಡಿಯಿತು.

“ಸಾಹೇಬ್ರ, ಕಾಯಿ ನೆಲಕ್ಕ ಒಡೀರಿ. ಇದು ಹಳಿ ಐತ್ರಿ. ಗೀರ ಬೀಳತೈತಿ, ನೀರ ಬಿದ್ರ ಜಂಗ ಹಿಡಿತೈತಿ.”

ಚೇರ್ಮನ್ನರು ಮೆಲ್ಲಗೆ, ನಗುತ್ತಲೇ ಅಂದರು: “ನಮ್ಮ ಪೂಜಾ ಹೆಂಗ ಮಾಡಬೇಕಂತ ನೀವ್ ಕಲಸಬ್ಯಾಡ್ರಿ.”

ಆ ತೋರಣ ಕಟ್ಟಿದ್ದು ಯಾರು, ಆ ಹೂ ತಂದದ್ದು ಯಾರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಸರ್ ಕೈ ತೆಗೆಯಲಿಲ್ಲ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಕೊನೆಗೆ ಚೇರ್ಮನ್ನರು ಕಾಯಿಯನ್ನು ನೆಲಕ್ಕೇ ಒಡೆದರು. ಪ್ರಸಾದ ಹಂಚುವಾಗ ಚೇರ್ಮನ್ನರು ಸರ್ ಮುಂದೆ ನಿಲ್ಲದೆ ಮುಂದಕ್ಕೆ ಹೋದರು.

ಸ್ವಲ್ಪ ದಿನಕ್ಕೆ ಸುದ್ದಿ ಬಂತು: ಸರಕಾರದವರು ತಪಾಸಣೆಗೆ ಬರುತ್ತಾರೆ, ಯಂತ್ರಗಳು ಹೊಸದಿರುವಂತೆ ಕಾಣಬೇಕು, ಅದಕ್ಕೆ ಕೋಣೆಗೆ ಬೀಗ. ಹುಡುಗರಿಗೆ ಪ್ರೊಜೆಕ್ಟರಿನಲ್ಲಿ ಲೇಥು ತೋರಿಸಿದರೆ ಸಾಕು. ನಾನು ಕಚೇರಿಗೆ ಹೋಗಿ ಕೂಗಾಡಿದೆ. ಚೇರ್ಮನ್ನರು ನನಗೆ ಚಹಾ ತರಿಸಿದರು. “ಮಶಿನ್ ಛಲೋ ಇದ್ರ ಮಾನ್ಯತಾ ಉಳಿತೈತಿ ಮೇಡಂ. ಮಾನ್ಯತಾ ಉಳದ್ರ ನಿಮ್ಮ ನೌಕರಿ ಉಳಿತೈತಿ,” ಅಂದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಸರ್ ಕಡೆ ತಿರುಗಿ, “ನೀವ ಹೇಳ್ತಿದ್ರಲ್ಲ ಸರ್, ಹಳಿ ಮ್ಯಾಲೆ ಒಂದು ಚಿಪ್ಸ್ ಬೀಳಬಾರದು ಅಂತ? ಇನ್ನ ಬೀಳೂದ ಇಲ್ಲ. ನಿಮ್ಮ ಆಸೆ ಪೂರಾ ಆತು.”

ಸರ್ ಜಗಳವಾಡುತ್ತಾರೆ ಎಂದು ಕಾದೆ. ಬಸ್ ಕಂಡಕ್ಟರನನ್ನು ಬಿಡದವರು, ನಮ್ಮಪ್ಪನನ್ನು ಬಿಡದವರು. ಅವರು ಕಿಸೆಯಿಂದ ಕೀಲಿ ತೆಗೆದು ಟೇಬಲ್ಲ ಮೇಲೆ ಇಟ್ಟು ಹೊರಗೆ ನಡೆದರು. ಅದೇ ವರ್ಷ ನಿವೃತ್ತರಾದರು.

ಆಮೇಲೆ ಏನಾಯಿತು ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪ್ರೊಜೆಕ್ಟರಿನಲ್ಲಿ ಲೇಥು ನೋಡಿ ಸರ್ಟಿಫಿಕೇಟು ಪಡೆದ ನನ್ನ ಹುಡುಗನೊಬ್ಬ ಗಡಿಯಾಚೆ ಮಿರಜಿನ ಒಂದು ಕಾರ್ಖಾನೆಗೆ ಹೋದ. ಮಾಲಕ ಒಂದು ತುಂಡು ಕೊಟ್ಟು, ಲೇಥಿನಲ್ಲಿ ಅದನ್ನು ಕಚ್ಚಿ ಹಿಡಿಯುವ ಚಕ್ಕಿಗೆ ಕಟ್ಟು ಅಂದ. ಇವನಿಗೆ ಚಕ್ಕು ಯಾವ ಕಡೆ ತಿರುಗಿಸಿದರೆ ಬಿಗಿಯುತ್ತದೆ ಎಂದು ಗೊತ್ತಿಲ್ಲ. ಫೋನು ಮಾಡಿದ: “ಮೇಡಂ, ಇಟಗೊಂಡಾರ್ರಿ. ಮಂದಿ ಕೊರದ ಚಿಪ್ಸ್ ಬಳಿಯೂದು ನನ್ನ ಕೆಲಸ್ರಿ.” ಅವರಪ್ಪ ಕಬ್ಬು ಕಡಿಯುವವನು. ಮಗ ಕುಡಗೋಲು ಹಿಡಿಯಬಾರದೆಂದು ನಮ್ಮ ಹತ್ತಿರ ಕಳಿಸಿದ್ದ. ನಾವು ಕಸಬರಿಗೆ ಹಿಡಿಸಿದೆವು. ಯಂತ್ರಗಳು ಹೊಳೆಯುತ್ತಿದ್ದವು.

ಆ ಫೋನು ಬಂದ ಭಾನುವಾರ ನಾನು ಕುಡಚಿಗೆ ಹೋದೆ. ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಸರ್ ಮನೆ. ಕಟ್ಟೆಯ ಮೇಲೆ ಕೂತಿದ್ದರು, ಕಿಸೆಯಲ್ಲಿ ಬ್ರಷ್ಷು ಹಾಗೇ ಇತ್ತು. ಅವರ ಹೆಂಡತಿ ಚಹಾ ತಂದಿಟ್ಟರು. ನಾನು ಕುಡಿಯಲಿಲ್ಲ.

“ಕೀಲಿ ಯಾಕ ಕೊಟ್ರಿ ಸರ್?”

“ಕೇಳಿದ್ರು, ಕೊಟ್ಟೆ.”

“ನೀವ್ ಕಂಬಳಿ ಕೇಳಿದಾಗ ನಮ್ಮಪ್ಪ ಕೇಳಿದಕೂಡ್ಲೆ ಕೊಟ್ನೇನ್ರಿ? ಜಗಳಾ ಮಾಡ್ಲಿಲ್ಲಾ?”

“ಮಶಿನ್ ಉಳದಾವಲ್ಲ ಬೇ.”

“ಯಾರ ಸಲುವಾಗಿ ಉಳದಾವ್ರಿ?”

ಅವರು ಬ್ರಷ್ ತೆಗೆದು ಕಟ್ಟೆಯನ್ನು ಗುಡಿಸತೊಡಗಿದರು. ಅಲ್ಲಿ ಕಸವೇ ಇರಲಿಲ್ಲ. ನನಗೆ ಇನ್ನೂ ಸಿಟ್ಟು ಬಂತು. ಬದುಕಿಡೀ ಹಳಿ ಕಾಯ್ದ ಮನುಷ್ಯನಿಗೆ ಕೊನೆಗೆ ಹಳಿಯೇ ಸಾಕಾಗಿತ್ತು, ರೈಲು ಬೇಡವಾಗಿತ್ತು. ಬೆರಳಿಗೆ ಕಾಯಿ ಬಡಿದದ್ದಕ್ಕೋ ಆ ಮಾತು ಬಡಿದದ್ದಕ್ಕೋ, ಕೇಳಲಿಲ್ಲ. ಎದ್ದು ಹೊರಟೆ.

ಓಣಿಯ ತಿರುವಿನವರೆಗೂ ನನ್ನ ಹಿಂದೆ ಬಂದರು. “ಕಂಬಳಿ ನೋಡ್ಕೊ,” ಅಂದರು. “ಹೊಳಿ ದಂಡಿ ಹವಾ ತಂಪ ಇರತೈತಿ. ಎಣ್ಣಿ ಕುಡಿಲಾರದ ಕಂಬಳಿ ನೀರ ಕುಡಿತೈತಿ.”

ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ನೋಡುವುದು ಹೇಗೆ? ಕೀಲಿ ಕಚೇರಿಯಲ್ಲಿತ್ತು.

ಕಳೆದ ತಿಂಗಳು ಹೋದರು. ಮಣ್ಣಿಗೆ ನಾನೂ ನಮ್ಮಪ್ಪನೂ ಹೋಗಿದ್ದೆವು. ಅಪ್ಪ ಕಂಬಳಿ ಹೊದ್ದು ದೂರ ನಿಂತಿದ್ದ. ವಾರದ ಮೇಲೆ ಸಂಸ್ಥೆಯವರು ಶ್ರದ್ಧಾಂಜಲಿ ಇಟ್ಟರು, ಅದೂ ಬೀಗ ತೆಗೆದು, ಅದೇ ಕೋಣೆಯಲ್ಲಿ. ಒಂದು ಲೇಥಿನ ಮೇಲೆ ಬಿಳಿ ಬಟ್ಟೆ ಹಾಸಿ ಸರ್ ಫೋಟೋ ಇಟ್ಟು ಹಾರ ಹಾಕಿದ್ದರು. ಫೋಟೋಗೆ ಹಾರ ಹಾಕುವುದು ಅವರ ಮನೆಯ ಪದ್ಧತಿಯಲ್ಲ. ಅವರ ಮಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ತಮ್ಮ ಪೂಜೆಯನ್ನು ಯಾರೂ ಕಲಿಸಬಾರದು ಅಂದವರು ಇವರೇ.

ಚಪ್ಪಾಳೆ ನಿಂತ ಮೇಲೆ ಚೇರ್ಮನ್ನರು, “ಮೇಡಂ, ನೀವೂ ಎರಡು ಮಾತ ಆಡ್ರಿ,” ಅಂದರು.

ನಾನು ಎದ್ದು ಮೈಕಿನ ಹತ್ತಿರ ಹೋಗಲಿಲ್ಲ. ಲೇಥಿನ ಹತ್ತಿರ ಹೋದೆ. ಫೋಟೋವನ್ನು ಎರಡೂ ಕೈಯಿಂದ ಎತ್ತಿ ಅವರ ಮಗನ ಕೈಗೆ ಕೊಟ್ಟೆ. ಬಿಳಿ ಬಟ್ಟೆ ಎಳೆದೆ. ಗಾಡಿಯ ಹಿಡಿಕೆ ತಿರುಗಿಸಿದೆ. ಅಲುಗಲಿಲ್ಲ. ಮೈಭಾರ ಹಾಕಿ ತಿರುಗಿಸಿದಾಗ ಕಿರ್ರ್ ಎಂದು ಕೂಗುತ್ತ ಸರಿಯಿತು. ಕಂಬಳಿ ಇದ್ದಲ್ಲಿ ಹುಳ ತಿಂದ ಬೂದಿಬಣ್ಣದ ಪುಡಿ. ಅದರ ಕೆಳಗೆ ಹಳಿಯ ಅಡ್ಡಕ್ಕೆ ದಪ್ಪನೆಯ ಕೆಂಪು ಬರೆ, ಜಂಗು. ಕಬ್ಬಿಣವನ್ನು ತಿಂದು ಒಳಗಿಳಿದಿತ್ತು. ಪಕ್ಕದ ಲೇಥು ಸರಿಸಿದೆ, ಅಲ್ಲಿಯೂ ಅದೇ. ಅದರಾಚೆಯದೂ ಅದೇ.

“ನೋಡ್ರಿ,” ಅಂದೆ. “ಇದ ನೀವ್ ಹೇಳಿದ ಹೊಳಪು.”

ಚೇರ್ಮನ್ನರು ಬಗ್ಗಿ ನೋಡಿ, “ಒರಸ್ರಿ, ಒರಸಿದ್ರ ಹೊಕ್ಕೈತಿ,” ಅಂದರು. ಎಲ್ಲರನ್ನೂ ಚಹಾಕ್ಕೆ ಎಬ್ಬಿಸಿಕೊಂಡು ಹೋದರು.

ಒರೆಸಿದರೆ ಹೋಗುವುದಿಲ್ಲ. ಎಣ್ಣೆಗಲ್ಲು ಹಿಡಿದು ತಿಕ್ಕಬೇಕು, ದಿನಗಟ್ಟಲೆ. ತಿಕ್ಕಿದರೂ ಗುಳಿ ಉಳಿಯುತ್ತದೆ. ಬೀಗದಲ್ಲೇ ಉಳಿದಿದ್ದ ಕೀಲಿ ತೆಗೆದಿಟ್ಟುಕೊಂಡು ಅಂದೇ ಹುಡುಗರನ್ನು ಕೂರಿಸಿದೆ. ಹಿಂದಿನ ಸಾಲಿನ ಒಂದು ಲೇಥಿನ ಜಂಗು ಮೇಲುಮೇಲಿನದಾಗಿತ್ತು, ಸಂಜೆಗೆ ಅದರ ಗಾಡಿ ಓಡಿತು. ಒಬ್ಬನ ಕೈಹಿಡಿದು ಚಕ್ಕಿಗೆ ತುಂಡು ಕಟ್ಟಿಸಿ, ಉಳಿ ತಾಗಿಸಿದೆ. ನೀಲಿ ಸುರುಳಿ ಸಿಡಿದು ಹಳಿಯ ಮೇಲೆ ಬಿತ್ತು. ಹುಡುಗ ಗಾಬರಿಯಿಂದ ತುಟಿ ಮುಂದೆ ಮಾಡಿದ.

“ಊದಬ್ಯಾಡ,” ಅಂದೆ. “ಬ್ರಷ್ ತಗೊ.”

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಒಳಗಿನಿಂದ ಕಂಬಳಿ ತಂದ, ಹೆಗಲ ಮೇಲಿನದೇ. ಕತ್ತರಿ ತೆಗೆದು ನೆಲದ ಮೇಲೆ ಕೂತ. “ಎಷ್ಟು ಅಗಲ ಬೇಕವಾ?” ಅಂದ. ನಾಯಿಯ ಸುದ್ದಿ ಎತ್ತಲಿಲ್ಲ.

ಗೇಟಿನ ಫ್ಲೆಕ್ಸನ್ನು ಬಿಚ್ಚಿಸಿ ಅಳತೆಗೆ ಕೊಯ್ದು ಹೊಲಿಸಿದ್ದೇನೆ. ಈಗ ಸಂಜೆ ಲೇಥಿನ ಮೇಲೆ ಸರ್ ಮಲಗುತ್ತಾರೆ, ಮುಖ ಮೇಲೆ ಮಾಡಿ. ಮೊದಲು ಅವರ ಮಗನನ್ನು ಕೇಳಿದೆ. “ಅಬ್ಬಾಗ ಇದ ಬರೋಬ್ಬರಿ ಅನಸ್ತಿತ್ರಿ,” ಅಂದ.

ಸಭೆಯ ಮರುದಿನ ಕಚೇರಿಯ ಸಿಪಾಯಿ ಮಾಮಾ ಬಂದು ಬಾಗಿಲಲ್ಲಿ ನಿಂತಿದ್ದ. “ಮೇಡಂ, ಕೀಲಿ ಕೊಡಬೇಕಂತ್ರಿ. ಚೇರ್ಮನ್ರು ಕೇಳ್ಯಾರ.”

“ಕೊಡೂದಿಲ್ಲಂತ ಹೇಳ್ರಿ ಮಾಮಾ.”

“ಯಾಕಂದ್ರ ಏನ್ ಹೇಳ್ಲಿರಿ?”

“ಹಳಿ ಮ್ಯಾಲೆ ಚಿಪ್ಸ್ ಬಿದ್ದಾವ, ಬಳಿಯೂದು ಐತಿ ಅನ್ರಿ.”

ಅವನು ದಿನಾಲೂ ಬರುತ್ತಾನೆ, ನಾನು ದಿನಾಲೂ ಅದನ್ನೇ ಹೇಳುತ್ತೇನೆ. ಇದು ಅಚ್ಚಾಗುವ ಹೊತ್ತಿಗೆ ನನ್ನ ನೌಕರಿ ಹೋಗಿರಬಹುದು. ಹೋದರೆ ಹೋಗಲಿ, ನನ್ನ ಕೈಯಲ್ಲಿ ಕಸುಬಿದೆ. ಸರ್, ನೀವು ಕೇಳಿದಾಗ ಕೊಟ್ಟಿರಿ. ನಾನು ಕೊಟ್ಟಿಲ್ಲ.